ಅಮ್ಮನ ಪೆಟ್ಟಿಗೆ ಟಿಂಗ್ ಅನ್ನುತ್ತಿಲ್ಲ

ಫೆಬ್ರವರಿ ೮, ಭಾನುವಾರ — ಸಂಜೆ

ಟಿಂಗ್ ಬರಲಿಲ್ಲ.

ಎಂದಿನಂತೆ ಹೋದೆ. ಎರಡು ಬಸ್ಸು, ಮೂರು ಮಹಡಿ, ಲಿಫ್ಟ್ ಇನ್ನೂ ಕೆಟ್ಟೇ ಇದೆ. ಅಕ್ಕ ಚಹಾ ತಂದಿಟ್ಟಳು. ಲ್ಯಾಪ್‌ಟಾಪ್ ತೆರೆದೆ, ಅಮ್ಮನ ಪೆಟ್ಟಿಗೆಗೆ ಕೇಬಲ್ ಚುಚ್ಚಿದೆ, ಲ್ಯಾಪ್‌ಟಾಪ್ ಅದನ್ನು ಗುರುತಿಸಿದಾಗ ಬರುವ ಟಿಂಗ್ ಸದ್ದಿಗೆ ಕಾದೆ. ಇಲ್ಲ. ಕಿತ್ತು ಮತ್ತೆ ಚುಚ್ಚಿದೆ. ಇಲ್ಲ. ಸ್ಕ್ರೀನ್ ಮೇಲೆ ಏನೂ ಇಲ್ಲ, ಎರರ್ ಕೂಡ ಇಲ್ಲ. ಎರರ್ ಬಂದರೆ ಜಗಳವಾಡಬಹುದು. ಮುಖ ತಿರುಗಿಸಿ ಕೂತವರ ಜೊತೆ ಏನು ಮಾಡುವುದು?

ಪೆಟ್ಟಿಗೆ ಸತ್ತಿಲ್ಲ. ಅಮ್ಮ ಬಟನ್ ಒತ್ತಿದರೆ ಮಾತು ಬರುತ್ತಿದೆ. "ನೀರು ಕೊಡು." "ಫ್ಯಾನ್ ಕಡಿಮೆ ಮಾಡು." ಅವಳದೇ ದನಿ, ಹೋದ ವರ್ಷದ ದನಿ. ಕಾಯಿಲೆ ನಾಲಿಗೆಗೆ ಇಳಿಯುವ ಮೊದಲೇ ಅವಳನ್ನು ಕೂರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಮುನ್ನೂರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಆಗ ಅಕ್ಕನಿಗೆ ಅದು ಅಪಶಕುನದಂತೆ ಕಂಡಿತ್ತು. ಈಗ ಅಮ್ಮನಿಗೆ ಬಾಯಿ ಅಂತ ಇರುವುದು ಅದೊಂದೇ.

ಪೆಟ್ಟಿಗೆಯೊಳಗಿನ ಬೋರ್ಡು ಅಗ್ಗದ್ದು, ಹೊಟ್ಟೆ ಚಿಕ್ಕದು. ಮೆಮೊರಿ ಕಾರ್ಡ್ ಹಾಕುವ ಜಾಗವಿಲ್ಲ. ಒಮ್ಮೆಗೆ ಎಂಟೇ ವಾಕ್ಯ ಹಿಡಿಸುತ್ತದೆ. ಎಂಟು ಬಟನ್, ಎಂಟು ವಾಕ್ಯ. ಎಂಟೇ ಮಾತಿನಲ್ಲಿ ಯಾರು ಬದುಕುತ್ತಾರೆ? ಅದಕ್ಕೇ ಪ್ರತಿ ಭಾನುವಾರ ಹೋಗಿ ಹಳೆಯವನ್ನು ತೆಗೆದು ಹೊಸವನ್ನು ತುಂಬುತ್ತೇನೆ. ಇವತ್ತಿಗೆ ಒಳ್ಳೆಯದೊಂದು ಆರಿಸಿಟ್ಟುಕೊಂಡಿದ್ದೆ: "ಆ ಕಪ್ಪೆ ಮೂತಿಯವನು ಟಿವಿಯಲ್ಲಿ ಬಂದರೆ ಮೊದಲು ಬಂದ್ ಮಾಡು." ರೆಕಾರ್ಡ್ ಮಾಡುವಾಗ ಕೊನೆಯ ಪದಕ್ಕೆ ಬರುವಷ್ಟರಲ್ಲಿ ನಕ್ಕುಬಿಟ್ಟಿದ್ದಳು. ಆ ನಗು ಸಮೇತ ಇಟ್ಟಿದ್ದೇನೆ.

ಬುಧವಾರ ನನ್ನ ಜೊತೆ ಕೆಲಸ ಮಾಡುವ ಮೀಟರ್ ಬಂದು ಸಡಿಲವಾಗಿದ್ದ ಐದನೇ ಬಟನ್ ಸರಿ ಮಾಡಿ ಹೋದನಂತೆ. ಅಕ್ಕ ಹೇಳಿದಳು. ಅವನನ್ನೇ ಕೇಳಬೇಕು.

ಫೆಬ್ರವರಿ ೯, ಸೋಮವಾರ

ಮೀಟರ್‌ನನ್ನು ಕೇಳಿದೆ. ಸರ್ವಿಸ್ ಸೆಂಟರಿನಲ್ಲಿ ನಾನು ಸೇರಿದಾಗಿನಿಂದ ನನ್ನ ಎದುರಿನ ಟೇಬಲ್ ಅವನದು. ಕೊರಳಿಗೆ ಮಲ್ಟಿಮೀಟರ್ ನೇತುಹಾಕಿಕೊಂಡೇ ಊಟಕ್ಕೂ ಕೂರುತ್ತಾನೆ, ಅದಕ್ಕೇ ಆ ಹೆಸರು. ಹೆಂಡತಿಯೂ ಹಾಗೇ ಕರೆಯುತ್ತಾಳಂತೆ. ಮನೆ ಅಕ್ಕನ ಹಿಂದಿನ ಬೀದಿಯಲ್ಲೇ, ಹಾಗಾಗಿ ವಾರದ ನಡುವೆ ಪೆಟ್ಟಿಗೆ ಮುನಿಸಿಕೊಂಡರೆ ಅವನೇ ಹೋಗಿ ಸಮಾಧಾನ ಮಾಡುವುದು.

"ಕೇಬಲ್ ನೋಡಿದ್ಯಾ?" ಅಂದ.

"ಅದೇ ಕೇಬಲ್ಲು. ಹೋದ ವಾರ ನಡೀತಿತ್ತು."

"ಒಳಗಡೆ ಎಳೆ ತುಂಡಾಗಿರುತ್ತೆ. ಕರೆಂಟು ಹೋಗುತ್ತೆ, ಡೇಟಾ ಹೋಗಲ್ಲ."

"ನನಗೇ ಪಾಠ ಹೇಳ್ತೀಯಾ? ನೀನು ಬಟನ್ ಬೆಸುಗೆ ಹಾಕಿದಾಗ ಕೇಬಲ್ ಚುಚ್ಚೋ ಪೋರ್ಟ್ ಸರಿ ಇತ್ತಾ?"

"ಇತ್ತು. ಪೋರ್ಟಿಂದ ಚಿಪ್‌ವರೆಗೂ ನೋಡ್ದೆ. ಅಲ್ಲಿಗೆ ಕೈ ಹಾಕಬೇಡ ಮತ್ತೆ, ಮೇಲೆ ಹಾಕಿರೋ ಅಂಟು ಬಿಚ್ಚಿದ್ರೆ ಬಟನ್ ತಂತಿಗಳೆಲ್ಲ ಕಿತ್ಕೊಂಡು ಬರುತ್ತೆ. ಆಮೇಲೆ ಅಮ್ಮನಿಗೆ ಇರೋ ಎಂಟು ಮಾತೂ ಹೋಗುತ್ತೆ."

ಸರಿ. ಅಲ್ಲಿಗೆ ಪೋರ್ಟಿನ ವಿಚಾರ ಮುಗಿಯಿತು. ನಮ್ಮಲ್ಲಿ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಮತ್ತೆ ನೋಡುವುದಿಲ್ಲ. ಸೆಂಟರಿನ ಯಜಮಾನರು ಮಾಡಿದ ನಿಯಮ ಒಂದಿದೆ: ಬೋರ್ಡಿನಲ್ಲಿ ಯಾರು ಎಲ್ಲಿ ಕೈ ಆಡಿಸಿದರೂ ಆ ಜಾಗದಲ್ಲಿ ತಮ್ಮ ಬಣ್ಣದ ನೇಲ್ ಪಾಲಿಶ್ ಒಂದು ಹನಿ ಇಡಬೇಕು. ನನ್ನದು ಕೆಂಪು, ಮೀಟರ್‌ನದು ನೀಲಿ. ಮಾಲು ವಾಪಸ್ ಬಂದರೆ ಯಾರನ್ನು ಬೈಯಬೇಕು ಎಂದು ಹುಡುಕಾಡಬಾರದಲ್ಲ. ಹನಿ ಕಂಡರೆ ಆ ಜಾಗ ಬಿಟ್ಟು ಮುಂದೆ ಹೋಗುತ್ತೇವೆ. ನೀಲಿ ಹನಿಯನ್ನು ನಾನು ಇದುವರೆಗೆ ಒಂದು ಸಲವೂ ಅನುಮಾನಿಸಿಲ್ಲ.

ಹೊಸ ಕೇಬಲ್ ತಗೊಂಡೆ.

ಫೆಬ್ರವರಿ ೧೫, ಭಾನುವಾರ

ಕೇಬಲ್ ಅಲ್ಲ.

ಅಕ್ಕನ ಹಳೆಯ ಲ್ಯಾಪ್‌ಟಾಪಿಗೂ ಹಾಕಿ ನೋಡಿದೆ. ಅಲ್ಲೂ ಇಲ್ಲ. ಬೋರ್ಡಿನ ಬೂಟ್ ಬಟನ್ ಒತ್ತಿ ಹಿಡಿದು ಕೇಬಲ್ ಚುಚ್ಚಿದೆ. ಇಲ್ಲ. ಒತ್ತಿ ಹಿಡಿದು, ಚುಚ್ಚಿ, ರಿಸೆಟ್ ಮಾಡಿ, ನಿಧಾನಕ್ಕೆ ಬಿಟ್ಟೆ, ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುವ ಹಾಗೆ. ಇಲ್ಲ. ಮೀಟರ್‌ಗೆ ಫೋನ್ ಮಾಡಿದರೆ "ಡ್ರೈವರ್ ತೆಗೆದು ಮತ್ತೆ ಹಾಕು" ಅಂದ. ತೆಗೆದೆ, ಹಾಕಿದೆ, ರೀಸ್ಟಾರ್ಟ್ ಮಾಡಿದೆ. ಹನ್ನೊಂದಕ್ಕೆ ಕೂತವಳು ನಾಲ್ಕಕ್ಕೆ ಎದ್ದೆ. ಚಹಾ ಮೂರು ಸಲ ತಣ್ಣಗಾಯಿತು. ಮೂರನೆಯ ಸಲ ಅಕ್ಕ ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ನಡುವೆ ಅಮ್ಮ ಅಕ್ಷರದ ಹಾಳೆ ಕೇಳಿದಳು. ಕೇಳುವುದೆಂದರೆ ಗೋಡೆಗೆ ಒರಗಿಸಿಟ್ಟ ಅದರ ಕಡೆ ನೋಡಿ ಎರಡು ಸಲ ರೆಪ್ಪೆ ಮುಚ್ಚುವುದು. ಅಕ್ಕ ಸಾಲುಗಳ ಮೇಲೆ ಬೆರಳಾಡಿಸುತ್ತಾಳೆ, ಬೇಕಾದ ಸಾಲು ಬಂದಾಗ ಅಮ್ಮ ರೆಪ್ಪೆ ಮುಚ್ಚುತ್ತಾಳೆ, ಆಮೇಲೆ ಆ ಸಾಲಿನ ಅಕ್ಷರಗಳು. ಒಂದು ಮಾತಿಗೆ ಅರ್ಧ ಗಂಟೆ. ನನಗೆ ಅದು ಬರುವುದಿಲ್ಲ, ಸಹನೆಯೂ ಇಲ್ಲ. ಅದಕ್ಕೇ ತಾನೇ ಪೆಟ್ಟಿಗೆ ಮಾಡಿದ್ದು?

"ಬಿಡು ಅಂತಿದ್ದಾಳೆ," ಅಂದಳು ಅಕ್ಕ.

"ಬಿಡೋ ಮಾತೇ ಇಲ್ಲ ಅಮ್ಮ! ನೀನು ಆರಾಮಾಗಿರು, ನಾನು ನೋಡ್ಕೋತೀನಿ."

ಅಮ್ಮ ಕಣ್ಣು ಮುಚ್ಚಿಕೊಂಡಳು. ಪಾಪ, ನನ್ನ ಕಷ್ಟ ಅವಳಿಗೆ ನೋಡಲಾಗುತ್ತಿಲ್ಲ.

ಹೊರಡುವಾಗ ಅಕ್ಕ ಬಾಗಿಲ ಬಳಿ ಮೆಲ್ಲಗೆ ಹೇಳಿದಳು. ಡಾಕ್ಟರ್ ಬಂದಿದ್ದರಂತೆ. ಎಡಗೈ ಹೋಯಿತು, ಇನ್ನು ಬಲಗೈ ತೋರುಬೆರಳು ಎಷ್ಟು ದಿನವೋ ಎಂದರಂತೆ. ಎಷ್ಟು ದಿನವೋ! ಬೆರಳು ಇರುವಷ್ಟರಲ್ಲಿ ಅವಳು ಹೇಳಬೇಕಾದ್ದೆಲ್ಲ ಹೇಳಿ ಮುಗಿಸಬೇಕು. ಮುನ್ನೂರರಲ್ಲಿ ಅರ್ಧಕ್ಕರ್ಧ ವಾಕ್ಯಗಳು ಇನ್ನೂ ಪೆಟ್ಟಿಗೆ ಹತ್ತಿಲ್ಲ. ಇಂಥ ಹೊತ್ತಿನಲ್ಲೇ ಈ ದರಿದ್ರ ಬೋರ್ಡು ಕೈ ಕೊಡಬೇಕೇ?

ಫೆಬ್ರವರಿ ೧೭, ಮಂಗಳವಾರ

ಮೀಟರ್ ಇವತ್ತು ತಾನಾಗಿಯೇ ಕೇಳಿದ. "ಬಂತಾ?"

"ಎಲ್ಲಿ ಬಂತು? ತಲೆ ಕೆಟ್ಟು ಗೊಬ್ಬರ ಆಗಿದೆ."

"ಲ್ಯಾಪ್‌ಟಾಪ್ ಅಪ್‌ಡೇಟ್ ಆಯ್ತಾ ಮೊನ್ನೆ? ಅದೇ ಇರಬೇಕು. ಅಪ್‌ಡೇಟ್ ಆದ್ಮೇಲೆ ಇಂಥವು ಆಗ್ತವೆ."

ಹೌದಲ್ಲ ಎನ್ನಿಸಿತು. ಹಳೆಯದಕ್ಕೆ ಹಿಂತಿರುಗಿಸಿದೆ, ಇಡೀ ಸಂಜೆ ಅದಕ್ಕೇ ಹೋಯಿತು. ಅದೂ ಅಲ್ಲದಿದ್ದರೆ ಹೊಸ ಬೋರ್ಡನ್ನೇ ತರಿಸಿ ಹಾಕಿಬಿಡೋಣ ಎಂದು ಅವನಿಗೆ ಆಗಲೇ ಹೇಳಿದ್ದೆ. ವಾಕ್ಯಗಳೆಲ್ಲ ನನ್ನ ಹತ್ತಿರ ಇವೆ, ಬೋರ್ಡು ಹೋದರೆ ಹೋಯಿತು. ಅಂಟು ಬಿಚ್ಚುವುದನ್ನು ಆಮೇಲೆ ನೋಡಿಕೊಂಡರಾಯಿತು.

"ನಾನು ನಾಳೆ ಆರ್ಡರ್ ಹಾಕ್ತಿದ್ದೀನಿ, ಅದರಲ್ಲೇ ಸೇರಿಸ್ತೀನಿ," ಅಂದ. ಒಳ್ಳೆಯವನು. ನನ್ನ ಪಾಲಿನ ಎರಡು ಕೆಲಸಗಳನ್ನೂ ತಾನೇ ಎಳೆದುಕೊಂಡ. ಸ್ವಂತ ತಮ್ಮ ಇದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ.

ಫೆಬ್ರವರಿ ೨೨, ಭಾನುವಾರ

ಆರು ಗಂಟೆ. ಇಲ್ಲ.

ಅಮ್ಮನಿಗೆ ನಿದ್ದೆ ಬಂದುಬಿಟ್ಟಿತ್ತು. ಎದ್ದು ಒಂದೇ ಬಟನ್ ಎರಡು ಸಲ ಒತ್ತಿದಳು: "ಊಟ ಮಾಡಿದ್ಯಾ?" ಕಣ್ಣು ನನ್ನ ಮೇಲೆ. "ಮಾಡ್ದೆ ಅಮ್ಮ, ಮಾಡ್ದೆ" ಎಂದೆ. ಮಾಡಿರಲಿಲ್ಲ. ಸ್ಕ್ರೀನಿನಲ್ಲಿ ಏನೋ ಮಿನುಗಿದ ಹಾಗಾಗಿತ್ತು, ಆ ಕಡೆ ನೋಡಿದೆ. ಮೌಸ್‌ನ ಬಾಣ, ಅಷ್ಟೇ.

ಹೊರಡುವಾಗ ಅಕ್ಕ: "ಮುಂದಿನ ವಾರ ಇದನ್ನ ತರಬೇಡ."

"ಯಾವುದನ್ನ?"

"ಈ ಲ್ಯಾಪ್‌ಟಾಪ್‌ನ. ಸುಮ್ಮನೆ ಬಾ."

"ಸುಮ್ಮನೆ ಬಂದು ಏನು ಮಾಡ್ಲಿ? ಮುಖ ಮುಖ ನೋಡ್ಕೊಂಡು ಕೂರ್ಲಾ?"

ಅಕ್ಕ ಬಾಗಿಲು ಹಾಕಿಕೊಂಡಳು. ಇಡೀ ದಿನ ಮನೆಯಲ್ಲೇ ಇರುವವಳು, ದಣಿದಿರುತ್ತಾಳೆ ಎಂದುಕೊಂಡೆ. ಆದರೂ ಮನಸ್ಸಿಗೆ ನಾಟಿತು. ನಾನೇನು ಆಟಕ್ಕೆ ಹೋಗುತ್ತೇನೆಯೇ?

ಫೆಬ್ರವರಿ ೨೭, ಶುಕ್ರವಾರ

"ಬೋರ್ಡು ಬಂತಾ?"

"ಬರಬೇಕು. ದಾರೀಲಿದೆ."

ಬುಧವಾರವೂ ಅದನ್ನೇ ಹೇಳಿದ್ದ. ಮಧ್ಯಾಹ್ನ ಬಿಡಿಭಾಗದ ಅಂಗಡಿಗೆ ನಾನೇ ಫೋನ್ ಮಾಡಿದೆ, ಅವಸರಪಡಿಸೋಣ ಎಂದು. ಅಂಗಡಿಯವನು ಹುಡುಕಿ ನೋಡಿ, ನಿಮ್ಮ ಸೆಂಟರಿನಿಂದ ಆ ಬೋರ್ಡಿಗೆ ಆರ್ಡರೇ ಬಂದಿಲ್ಲವಲ್ಲ ಮೇಡಂ, ನಮ್ಮಲ್ಲಿ ಬೇಕಾದಷ್ಟಿವೆ ಎಂದ.

ಮೀಟರ್ ಎದುರಲ್ಲೇ ಕೂತಿದ್ದ. ಬಗ್ಗಿ ಏನೋ ಬೆಸೆಯುತ್ತಿದ್ದ. ಕೇಳಬಹುದಿತ್ತು. ಕೇಳಲಿಲ್ಲ. ಮರೆತಿರಬೇಕು. ಮರೆತವನು "ದಾರೀಲಿದೆ" ಎನ್ನುತ್ತಾನೆಯೇ? ಇರಲಿ. ಮರೆತಿರಬೇಕು.

ಮಾರ್ಚ್ ೧, ಭಾನುವಾರ

ಪೆಟ್ಟಿಗೆಯನ್ನು ತಂದುಬಿಟ್ಟೆ.

ಇಷ್ಟು ದಿನ ತಂದಿರಲಿಲ್ಲ. ಅದನ್ನು ತಂದರೆ ಅಮ್ಮನ ಬಾಯನ್ನೇ ತಂದ ಹಾಗೆ. ಆದರೆ ಅಲ್ಲಿ ಭೂತಗನ್ನಡಿ ಹಿಡಿದು ಎಷ್ಟು ಹೆಣಗಿದರೂ ಪ್ರಯೋಜನವಿಲ್ಲ. ಸೆಂಟರಿನ ದೊಡ್ಡ ಲೆನ್ಸ್ ಕೆಳಗೆ ಇಟ್ಟು ಒಮ್ಮೆ ಪೂರ್ತಿ ನೋಡಿಬಿಡಬೇಕು.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ನಿಜವಾಗಿಯೂ ಅಡ್ಡ ನಿಂತಳು. "ಬೇಡ ಕಣೆ. ಇರೋ ಹಾಗೇ ಇರಲಿ."

"ಒಂದೇ ದಿನ ಅಕ್ಕ."

"ಮೀಟರ್ ಬಂದು ನೋಡ್ತಾನೆ ಬಿಡು, ಅವನಿಗೆ ಹೇಳ್ತೀನಿ."

"ನಾನು ನೋಡಿದ್ರೆ ಏನಾಗುತ್ತೆ?"

ಅಕ್ಕ ಪಕ್ಕಕ್ಕೆ ಸರಿದಳು. ಅಮ್ಮನಿಗೆ ಹೇಳಿ ಹೊರಟೆ. ಅವಳು ಪೆಟ್ಟಿಗೆಯನ್ನು ನೋಡಲಿಲ್ಲ, ಅಕ್ಕನನ್ನು ನೋಡಿದಳು.

ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಒಂದು ಗುಂಡಿಯಲ್ಲಿ ಬಸ್ಸು ಕುಲುಕಿ ನನ್ನ ಮೊಣಕೈ ತಾಗಿ ಅಮ್ಮನ ದನಿ ಎಲ್ಲರಿಗೂ ಕೇಳುವ ಹಾಗೆ "ಬೆನ್ನು ತುರಿಸು" ಅಂದಿತು. ಪಕ್ಕದಲ್ಲಿ ಕೂತಿದ್ದ ಗಂಡಸು ಎದ್ದು ಬೇರೆ ಸೀಟಿಗೆ ಹೋದ.

ಮಾರ್ಚ್ ೨, ಸೋಮವಾರ — ಬೆಳಗ್ಗೆ, ಯಾರೂ ಬರುವ ಮೊದಲು

ಅಂಟನ್ನು ಬಿಸಿಗಾಳಿಯಲ್ಲಿ ಕರಗಿಸಿದೆ. ಸಲೀಸಾಗಿ ಬಂತು. ಒಂದೇ ಒಂದು ತಂತಿ ಕಿತ್ತುಬರಲಿಲ್ಲ.

ಲೆನ್ಸ್ ಕೆಳಗಿಟ್ಟೆ. ಪೋರ್ಟಿನಿಂದ ಚಿಪ್ಪಿಗೆ ಎರಡು ಡೇಟಾ ಗೆರೆಗಳು ಹೋಗುತ್ತವೆ. ಕಂಪ್ಯೂಟರಿನ ಜೊತೆ ಬೋರ್ಡು ಮಾತಾಡುವುದು ಆ ಎರಡರಲ್ಲೇ. ನಡುವೆ ಆ ಗೆರೆಗಳನ್ನು ಜೋಡಿಸುವ ಎರಡು ರೆಸಿಸ್ಟರ್ ಇರಬೇಕು, ಎಳ್ಳಿಗಿಂತ ಚಿಕ್ಕವು. ಇಲ್ಲ. ಎರಡೂ ಇಲ್ಲ. ಉದುರಿದ್ದಲ್ಲ, ಉದುರಿದ್ದರೆ ಜಾಗ ಒರಟಾಗಿರುತ್ತದೆ. ಇಲ್ಲಿ ಬೆಸುಗೆಯನ್ನು ಹೀರಿ ತೆಗೆದು, ಒರೆಸಿ, ತಟ್ಟೆ ತೊಳೆದಿಟ್ಟ ಹಾಗೆ ಇಟ್ಟಿದ್ದಾರೆ. ಇಷ್ಟು ಚೊಕ್ಕಟವಾಗಿ ಕೆಲಸ ಮಾಡುವವರು ನನಗೆ ಗೊತ್ತಿರುವಂತೆ ಒಬ್ಬರೇ.

ಪಕ್ಕದಲ್ಲಿ ನೀಲಿ ಹನಿ.

ಮೊದಲು ಅರ್ಥವೇ ಆಗಲಿಲ್ಲ. ಅಭ್ಯಾಸಬಲದಿಂದ "ಓ, ಮೀಟರ್ ನೋಡಿದ್ದಾನೆ, ಸರಿ" ಎಂದುಕೊಂಡು ಬೋರ್ಡನ್ನು ಮುಂದಕ್ಕೆ ಸರಿಸಿಬಿಟ್ಟೆ. ದೇವರಾಣೆ. ಆಮೇಲೆ ಕೈ ನಿಂತಿತು.

ಮೂರು ವಾರ. ಕೇಬಲ್ ನೋಡು. ಡ್ರೈವರ್ ನೋಡು. ಅಪ್‌ಡೇಟ್ ನೋಡು. ಎದುರು ಕೂತು, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಲೆನ್ಸಿನ ದೀಪ ಆರಿಸಲೂ ಏಳಲಿಲ್ಲ.

ಅದೇ ದಿನ — ಮಧ್ಯಾಹ್ನ

ಎರಡು ಲೋಟ ಚಹಾ ಹಿಡಿದು ಬಂದ. ನನ್ನ ಟೇಬಲ್ ಮೇಲೆ ಬಿಚ್ಚಿದ ಪೆಟ್ಟಿಗೆ ನೋಡಿ ಚಹಾ ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ನಿಂತ.

"ಎಲ್ಲಿ ಅವೆರಡು?" ಎಂದೆ.

ಯಾವೆರಡು ಎಂದು ಕೇಳಲಿಲ್ಲ. "ನನ್ನ ಡ್ರಾಯರ್‌ನಲ್ಲಿವೆ. ಟೇಪಿಗೆ ಅಂಟಿಸಿ ಇಟ್ಟಿದ್ದೀನಿ."

"ನನ್ನ ಕೈಲಿ ಡ್ರೈವರ್ ಹಾಕಿಸಿದೆ."

"ಹೂಂ."

"ಕೇಬಲ್ ಮೇಲೆ ಕೇಬಲ್ ತರಿಸಿದೆ."

"ಹೂಂ."

"ಬೋರ್ಡು ದಾರೀಲಿದೆ ಅಂದೆ! ಯಾಕೋ? ನಿನಗೆ ನಾನೇನು ಮಾಡಿದ್ದೆ?"

"ನೀನೇನೂ ಮಾಡಿಲ್ಲ." ಚಹಾ ಕೆಳಗಿಟ್ಟ. "ಯಾಕೆ ಅಂತ ನಾನು ಹೇಳಬಾರದು. ಅಕ್ಕನ್ನ ಕೇಳು."

"ಅಕ್ಕನಿಗೂ ಗೊತ್ತಾ?"

ಒಂದು ಲೋಟವನ್ನು ನನ್ನ ಕಡೆಗೆ ತಳ್ಳಿದ.

"ಕದ್ದು ಮಾಡಿದ ಕೆಲಸಕ್ಕೆ ಹನಿ ಯಾಕೆ ಇಟ್ಟೆ?"

"ಇಟ್ಟಿದ್ದೀನಾ?" ಬಗ್ಗಿ ಲೆನ್ಸಿನಲ್ಲಿ ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಕೈ ತಾನಾಗೇ ಇಟ್ಟಿರುತ್ತೆ."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಅವನ ಡ್ರಾಯರಿನಿಂದ ತೆಗೆದುಕೊಂಡು ನಾನೇ ಕೂರಿಸಿದೆ. ಎರಡು ನಿಮಿಷದ ಕೆಲಸ. ಕೇಬಲ್ ಚುಚ್ಚಿದೆ. ಟಿಂಗ್. ಇಷ್ಟು ದಿನ ಕಾದ ಸದ್ದು, ಕೇಳಿ ಮೈಯೆಲ್ಲ ಉರಿಯಿತು. ಕೆಂಪು ಹನಿ ಇಟ್ಟೆ, ನೀಲಿಯ ಮೇಲೆಯೇ.

ಅದೇ ದಿನ — ಸಂಜೆ, ಅಕ್ಕನ ಮನೆಯಿಂದ ಬಂದು

ಅಕ್ಕ ಅಡುಗೆಮನೆಯಲ್ಲಿ ಅಮ್ಮನ ಬಟ್ಟೆ ಮಡಿಸುತ್ತಿದ್ದಳು. ನನ್ನ ಮುಖ ನೋಡಿದವಳೇ ತಿಳಿದುಕೊಂಡಳು. ಮೀಟರ್ ಫೋನ್ ಮಾಡಿರುತ್ತಾನೆ, ಮಾಡದೆ ಇರುತ್ತಾನೆಯೇ.

"ನಾನೇ ತೆಗೆಸ್ದೆ," ಅಂದಳು. "ನನಗೆ ಸಾಕಾಗಿತ್ತು. ನೀನು ಭಾನುವಾರ ಬಂದು ಹೊಸ ಹೊಸ ಮಾತು ತುಂಬಿ ಹೋಗ್ತೀಯ, ವಾರವೆಲ್ಲ ಅದಕ್ಕೆ ಉತ್ತರ ಕೊಡೋಳು ನಾನು. ಆಯ್ತಾ? ಬೈಯೋದಿದ್ರೆ ಬೈದು ಹೋಗು."

ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಹೆತ್ತ ತಾಯಿಯ ಬಾಯಿ ಮುಚ್ಚಿಸಿದವಳು ಅಂದೆ. ಗೋಡೆಯಾಚೆ ಅಮ್ಮನಿಗೆ ಕೇಳುತ್ತದೆ ಎಂದು ಗೊತ್ತಿತ್ತು, ಕೇಳಲಿ ಎಂದೇ ಅಂದೆ. ಬೈಯುವುದಕ್ಕೆ ಒಬ್ಬರು ಸಿಕ್ಕರಲ್ಲ ಎಂದು ಒಳಗೊಳಗೆ ಹಗುರವೂ ಆಗುತ್ತಿತ್ತು.

ಅಕ್ಕ ಒಂದು ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ, "ನನಗೆ ಸುಳ್ಳು ಹೇಳೋಕೂ ನೆಟ್ಟಗೆ ಬರಲ್ಲ," ಅಂದಳು. "ಅಮ್ಮ ಹೇಳಿದ್ದು ಕಣೆ."

"ಏನು?"

"ಆವತ್ತು ಮೀಟರ್ ಬಟನ್ ಸರಿ ಮಾಡ್ತಿದ್ದಾಗ ಹಾಳೆ ಕೇಳಿದ್ಲು. ಪಾಪ ಅವನು ಬೆಸುಗೆ ಹಾಕೋ ಬಿಸಿ ಕಡ್ಡಿ ಕೈಲಿ ಹಿಡ್ಕೊಂಡು ಅಷ್ಟು ಹೊತ್ತೂ ನಿಂತೇ ಇದ್ದ. ಇದನ್ನ ಕಂಪ್ಯೂಟರ್‌ಗೆ ಸೇರದ ಹಾಗೆ ಮಾಡು, ಅವಳಿಗೆ ಹೇಳಬೇಡ ಅಂದ್ಲು. ಅವನು ಒಪ್ಪಲಿಲ್ಲ, ಆಗಲ್ಲಮ್ಮ ಅಂದ. ಆಗ ಇನ್ನೊಂದು ಮಾತು ಹೇಳಿದ್ಲು."

"ಏನಂದ್ಲು?"

"ಬೇಡ ಬಿಡು."

"ಏನಂದ್ಲು ಹೇಳು ಅಕ್ಕ!"

"ಅವಳು ಬರ್ತಾಳೆ, ಅದರ ಜೊತೆ ಕೂರ್ತಾಳೆ, ಹೋಗ್ತಾಳೆ ಅಂದ್ಲು."

ಕುಕ್ಕರ್ ಕೂಗಿತು. ಅಕ್ಕ ಎದ್ದು ಒಲೆ ಆರಿಸಿದಳು.

"ಕೆಟ್ಟೋದ್ರೆ ಬಿಟ್ಟುಬಿಡ್ತಾಳೆ ಅಂದ್ಕೊಂಡ್ವಿ ನಾವು ಮೂರೂ ಜನ. ನೀನು ಬಿಡಲೇ ಇಲ್ಲ. ಮೊದಲು ಎರಡು ಗಂಟೆ ಕೂರ್ತಿದ್ದೋಳು ಆರು ಗಂಟೆ ಕೂರೋಕೆ ಶುರು ಮಾಡ್ದೆ. ನಿನ್ನ ಬೆನ್ನೇ ನೋಡ್ಕೊಂಡಿದ್ಲು ಅವಳು ಅಷ್ಟು ಹೊತ್ತೂ."

"ಮತ್ತೆ ಬಟನ್ ಒತ್ತುತ್ತಾಳಲ್ಲ? ನಾನು ಬಂದಾಗೆಲ್ಲ ಒತ್ತುತ್ತಾಳಲ್ಲ?"

"ನೀನು ಬಂದಾಗ ಒತ್ತುತ್ತಾಳೆ. ವಾರದಲ್ಲಿ ಅದನ್ನ ಮುಟ್ಟೋದೇ ಇಲ್ಲ. ನಮ್ಮಿಬ್ಬರಿಗೂ ಹಾಳೆ ಸಾಕು, ಎಷ್ಟೋ ಸಲ ಅದೂ ಬೇಡ. ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೀಯಲ್ಲ, ನಿನಗೆ ಬೇಜಾರಾಗಬಾರದು ಅಂತ ಒತ್ತೋದು."

ಪೆಟ್ಟಿಗೆಯನ್ನು ಅಮ್ಮನ ಮಂಚದ ಪಕ್ಕದಲ್ಲಿಟ್ಟೆ. ಅವಳ ಮುಖ ನೋಡಲಿಲ್ಲ. ಬಂದುಬಿಟ್ಟೆ.

ಮಾರ್ಚ್ ೩, ಮಂಗಳವಾರ

ಜ್ವರ ಎಂದು ಯಜಮಾನರಿಗೆ ಸುಳ್ಳು ಹೇಳಿದೆ. ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ.

ಮಾರ್ಚ್ ೫, ಗುರುವಾರ

ಟೇಬಲ್ ದೀಪವನ್ನು ತಿರುಗಿಸಿ ಇಟ್ಟಿದ್ದೇನೆ, ಅವನ ಮುಖ ಕಾಣದ ಹಾಗೆ. ಅವನ ಕೈಗಳು ಕಾಣುತ್ತವೆ. ನೀಲಿ ಹನಿ ಇದ್ದ ಮೂರು ಬೋರ್ಡುಗಳನ್ನು ಇವತ್ತು ಮೊದಲ ಸಲ ನಾನೇ ಮತ್ತೆ ಪರೀಕ್ಷಿಸಿದೆ. ಎಲ್ಲ ಸರಿ ಇದ್ದವು. ಅವನು ನೋಡಿದ. ನೋಡಲಿ ಎಂದೇ ಮಾಡಿದೆ.

ಮಾರ್ಚ್ ೮, ಭಾನುವಾರ

ಹೋಗಲಿಲ್ಲ.

ಪರದೆಗಳನ್ನು ತೊಳೆದೆ. ಫ್ರಿಜ್ ಒರೆಸಿದೆ. ಅಕ್ಕ ಫೋನ್ ಮಾಡುತ್ತಾಳೇನೋ ಎಂದು ಕಾದೆ. ಮಾಡಲಿಲ್ಲ.

ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಕೂತು ಯೋಚಿಸಿದೆ, ಮಾಡಲು ಬೇರೆ ಕೆಲಸವೂ ಇರಲಿಲ್ಲ. ಮೀಟರ್ ಮೇಲಲ್ಲ, ಅವನು ಹೇಳಿದ ಕೆಲಸ ಮಾಡಿದ. ಅಕ್ಕನ ಮೇಲಿನ ಅರ್ಧ ಸಿಟ್ಟು, ತಾನೇ ತೆಗೆಸಿದೆ ಎಂದ ಆ ಸುಳ್ಳಿಗೇ ಹೋಯಿತು. ನನಗಾಗಿ ಬೈಗುಳ ತಿನ್ನಲು ನಿಂತಿದ್ದಳಲ್ಲ. ಉಳಿದವಳು ಅಮ್ಮ. ಕಾಯಿಲೆಯವಳ ಮೇಲೆ ಕೋಪ ಮಾಡಿಕೊಳ್ಳಬಾರದು. ಆದರೆ ಬರುತ್ತಿದೆ, ಏನು ಮಾಡಲಿ? ನಾನು ಅವಳಿಗೆ ದನಿ ಕೊಟ್ಟೆ. ಬೇಡವಾಗಿದ್ದರೆ ನನಗೆ ಹೇಳಬೇಕಿತ್ತು. ಹೊರಗಿನವನಿಗೆ ಹೇಳಿ, ನನ್ನ ಬೆನ್ನ ಹಿಂದೆ ಕತ್ತರಿಸಿ ಹಾಕಿಸಿ, ನಾನು ಮಂಗನ ಹಾಗೆ ಕೇಬಲ್ ಚುಚ್ಚುವುದನ್ನು, ತೆಗೆಯುವುದನ್ನು ಮಲಗಿ ನೋಡಿದಳು. ಮೂರೂ ಜನ ಸೇರಿ ನೋಡಿದರು.

ಮಾರ್ಚ್ ೧೨, ಗುರುವಾರ

ಅಕ್ಕನ ಫೋನ್. ಅಮ್ಮನ ಬೆರಳು ಹೋಯಿತಂತೆ. ಮಂಗಳವಾರ ಬೆಳಗ್ಗೆಯಿಂದ ಏಳುತ್ತಿಲ್ಲ. ಡಾಕ್ಟರ್ ಬಂದು ನೋಡಿದರಂತೆ.

"ಪೆಟ್ಟಿಗೆ ಎತ್ತಿಡ್ಲಾ?" ಅಂದಳು. "ಅಥವಾ ಅಲ್ಲೇ ಬಿಡ್ಲಾ?"

"ನಿನ್ನಿಷ್ಟ."

"ರೆಪ್ಪೆ ಇನ್ನೂ ಸ್ವಲ್ಪ ದಿನ ಇರುತ್ತೆ ಅಂದ್ರು. ಅದೂ ಮೊದಲಿನ ಹಾಗಿಲ್ಲ, ಬೇಗ ದಣಿಯುತ್ತೆ."

ಅಷ್ಟೇ ಹೇಳಿದಳು. ಬಾ ಎನ್ನಲಿಲ್ಲ. ಫೋನ್ ಇಟ್ಟ ಮೇಲೆ ಬಸ್ಸಿನ ಪಾಸ್ ಹುಡುಕುತ್ತಿದ್ದೆ. ಇವತ್ತು ಗುರುವಾರ ಎನ್ನುವುದು ಆಮೇಲೆ ಹೊಳೆಯಿತು.

ಮಾರ್ಚ್ ೧೫, ಭಾನುವಾರ — ಅಮ್ಮನ ಕೋಣೆಯಲ್ಲಿ

ಲ್ಯಾಪ್‌ಟಾಪ್ ತರಲಿಲ್ಲ. ಚೀಲದಲ್ಲಿ ನೀರಿನ ಬಾಟಲ್, ಈ ಡೈರಿ, ಅಷ್ಟೇ. ಮೆಟ್ಟಿಲು ಹತ್ತುವಾಗ ಹೆಗಲು ಹಗುರವಾಗಿದ್ದು ಏನನ್ನೋ ಬಸ್ಸಿನಲ್ಲಿ ಬಿಟ್ಟು ಬಂದ ಹಾಗೆ ಅನ್ನಿಸುತ್ತಿತ್ತು.

ಅಕ್ಕ ಚಪ್ಪಲಿ ಮೆಟ್ಟಿಕೊಂಡು ರೆಡಿಯಾಗಿದ್ದಳು. "ಸ್ವಲ್ಪ ಹೊರಗೆ ಹೋಗ್ಬರ್ತೀನಿ. ಎಷ್ಟು ದಿನ ಆಯ್ತು ಹೋಗಿ. ಹಾಳೆ ಅಲ್ಲಿದೆ. ಮೇಲಿನ ಸಾಲಿಂದ ಬೆರಳು ತಗೊಂಡು ಬಾ, ಅವಳು ಮುಚ್ಚಿದ್ರೆ ನಿಲ್ಲು. ಮಧ್ಯೆ ಮಧ್ಯೆ ಕಣ್ಣಿಗೆ ಬಿಡುವು ಕೊಡು."

"ಅಕ್ಕ, ನನಗೆ ಬರಲ್ಲ ಅದು."

"ನನಗೂ ತಾಯಿ ಹೊಟ್ಟೆಯಿಂದ ಬಂದಿರಲಿಲ್ಲ." ಹೋಗೇ ಬಿಟ್ಟಳು.

ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತೆ. ನೋಡಲು ಬೇರೆ ಏನೂ ಇಲ್ಲ, ಅವಳ ಮುಖ ಒಂದೇ. ಎಷ್ಟು ಸಣ್ಣಗಾಗಿದ್ದಾಳೆ. ಪ್ರತಿ ವಾರ ಬರುತ್ತಿದ್ದೆನಲ್ಲ, ಯಾವಾಗ ಹೀಗಾದಳು?

ತಯಾರಾಗಿಯೇ ಬಂದಿದ್ದೆ. ಎರಡು ವಾರದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ: "ಮೀಟರ್‌ಗೆ ಹೇಳಿದ್ಯಲ್ಲ. ನನಗೇ ಯಾಕೆ ಹೇಳಲಿಲ್ಲ?"

ಎರಡು ಸಲ ರೆಪ್ಪೆ ಮುಚ್ಚಿದಳು. ಹಾಳೆ ಎತ್ತಿಕೊಂಡೆ. ಬೆರಳು ಬೇಗ ಓಡಿಸಿದೆ, ತಪ್ಪು ಸಾಲಿಗೆ ಹೋದೆ. ಮತ್ತೆ ಮೊದಲಿಂದ. ಬೇಸತ್ತು ಕಣ್ಣು ಮುಚ್ಚಿದ್ದನ್ನು ಹೌದು ಎಂದುಕೊಂಡು ಯಾವುದೋ ಅಕ್ಷರ ಹಿಡಿದೆ. ಮತ್ತೆ ಮೊದಲಿಂದ. ಬೆವರು ಬಂತು. ಮೀಟರ್ ಬಿಸಿ ಕಡ್ಡಿ ಹಿಡಿದು ಇಷ್ಟು ಹೊತ್ತು ಹೇಗೆ ನಿಂತಿದ್ದ?

ಕೊನೆಗೆ ಸಿಕ್ಕಿತು. ಕನ್ನಡಕ. ಆಮೇಲೆ ಇನ್ನೊಂದು ಪದ. ಒರೆಸು.

ನಾನೇನು ಕೇಳಿದೆ, ಇವಳೇನು ಹೇಳುತ್ತಿದ್ದಾಳೆ! ನಗು ಬಂತು, ಅಳುವೂ ಬಂತು. ಅವಳ ಕನ್ನಡಕ ತೆಗೆದು ನೋಡಿದೆ. ಎರಡೂ ಗಾಜಿನ ಮೇಲೆ ಎಣ್ಣೆಯ ಪಸೆ. ಎಷ್ಟು ದಿನದಿಂದ ಹೀಗೆ ಮಸುಕಾಗಿ ನೋಡುತ್ತಿದ್ದಳೋ. ಮುನ್ನೂರು ವಾಕ್ಯ ಬರೆದವಳು ನಾನು, ರಾತ್ರಿ ಹಗಲು ಕೂತು, ಏನೂ ಬಿಟ್ಟುಹೋಗಬಾರದು ಎಂದು. ಅದರಲ್ಲಿ ಇದಿರಲಿಲ್ಲ.

ಅಂಗಿಯ ತುದಿಯಿಂದ ಒರೆಸಿ ಹಾಕಿದೆ. ಆಗ ನನ್ನನ್ನು ನೋಡಿದಳು. ತುಂಬ ಹೊತ್ತು. ನಾನೂ ನೋಡಿದೆ. ಎಲ್ಲಿ ನೋಡಬೇಕೆಂದು ತಿಳಿಯದೆ ಎರಡು ಸಲ ಕಿಟಕಿಯ ಕಡೆ ತಿರುಗಿದೆ, ಮತ್ತೆ ಅವಳ ಕಡೆಗೇ ಬಂದೆ. ಸಿಟ್ಟು ಹೋಗಿಲ್ಲ. ಅದನ್ನೂ ಅವಳು ನೋಡಿರಬೇಕು.

ಮತ್ತೆ ಹಾಳೆ ಕೇಳಿದಳು. ಈ ಸಲ ನನ್ನ ಪ್ರಶ್ನೆಗೇ ಇರಬೇಕು. ಮೊದಲ ಅಕ್ಷರ ಸಿಕ್ಕಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ರೆಪ್ಪೆ ದಣಿದು ಅದುರತೊಡಗಿತು, ಬಿಡುವು ಕೊಟ್ಟೆ. ಆ ಬಿಡುವಿನಲ್ಲೇ ಇದನ್ನೆಲ್ಲ ಬರೆದದ್ದು, ಆಮೇಲೆ ಮರೆತುಹೋಗುತ್ತದೆ. ಬರೆಯುತ್ತ ಬರೆಯುತ್ತ ಒಂದು ಪುಟವೇ ತುಂಬಿತು. ಈಗ ತಲೆಯೆತ್ತಿದರೆ ಅವಳ ಕಣ್ಣು ತೆರೆದೇ ಇದೆ. ಯಾವಾಗ ತೆರೆದಳೋ. ನನ್ನನ್ನು ನೋಡುತ್ತಿಲ್ಲ, ನನ್ನ ತೊಡೆಯ ಮೇಲಿನ ಈ ಡೈರಿಯನ್ನು ನೋಡುತ್ತಿದ್ದಾಳೆ. ಬಂದೆ ಅಮ್ಮ, ಈ ಒಂದು ಸಾಲು ಮುಗಿಸಿ